ಅಂಗಾತ ಈಜಿದ ನೀರುನಾಯಿ

ನಾನು ಅವರನ್ನು ಮೊದಲು ನೋಡಿದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ, ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಬಾಗಿಲು ತೆರೆದಾಗ ಅವರ ಎಡಗೈಯಲ್ಲಿ ಭೂತಗನ್ನಡಿ ಇತ್ತು, ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿತ್ತು. ನಾನು ಯಾರೆಂದು ಹೇಳುವ ಮೊದಲೇ ನನ್ನ ಚೌಕುಳಿ ಅಂಗಿಯನ್ನು ದಿಟ್ಟಿಸಿ, "ಜೇಬಿನ ಹತ್ರ ಗೆರೆ ಸೇರಿಲ್ವಲ್ಲ, ಹೊಲಿದವನು ಯಾರಪ್ಪ?" ಎಂದರು. ಅಂಗಡಿಯಲ್ಲಿ ಸಿದ್ಧವಾಗಿ ಸಿಕ್ಕಿದ್ದು ಎಂದೆ. "ಹಾಗಾದ್ರೆ ಸರಿ, ಕೂತ್ಕೋ" ಎಂದು ಮೇಜಿನ ಮೇಲಿನ ದಾರದ ಉಂಡೆಗಳನ್ನು ಬದಿಗೆ ಸರಿಸಿದರು.

ನಾನು ಬಂದದ್ದು ಆಟದ ಕಂಪನಿಯಿಂದ. ಬುಳುಂಕನಿಗೆ ನಲವತ್ತು ವರ್ಷ ತುಂಬುತ್ತಿತ್ತು. ಅದರ ಚರಿತ್ರೆಯ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬುಳುಂಕ ಎಂದರೆ ವಿಡಿಯೊ ಗೇಮಿನ ನೀರುನಾಯಿ. ಹೊಟ್ಟೆ ಮೇಲೆ ಮಾಡಿ, ಪಾದ ಎತ್ತಿಕೊಂಡು ಅಂಗಾತ ಈಜುತ್ತದೆ. ನಮ್ಮ ಹಳ್ಳಿಗೆ ಆ ಆಟದ ಯಂತ್ರ ಬಂದೇ ಇರಲಿಲ್ಲ. ಕಾಲೇಜು ಸೇರಿದ ಮೇಲೆ ಸಹಪಾಠಿಯೊಬ್ಬಳ ಚೀಲದ ಮೇಲೆ ಅದನ್ನು ಮೊದಲ ಸಲ ಕಂಡಿದ್ದೆ. ಕಂಪನಿಯ ಮಾಲೀಕರು ನದಿಯಲ್ಲಿ ಹಾಗೆ ಈಜುವ ನೀರುನಾಯಿಯನ್ನು ಕಣ್ಣಾರೆ ಕಂಡು ಅದನ್ನು ರೂಪಿಸಿದರು ಎಂದು ಎಲ್ಲ ಕಡೆಯೂ ಅಚ್ಚಾಗಿತ್ತು. ಹಳೆಯ ಕಡತದಲ್ಲಿ ಮಾತ್ರ ಚಿತ್ರ ಬರೆದವರ ಜಾಗದಲ್ಲಿ 'ಚೌಕದಕ್ಕ' ಎಂದಷ್ಟೇ ಇತ್ತು. ಆ ಚೌಕದಕ್ಕ ಇವರೇ.

ಅವರು ಮೊದಲು ರತ್ನಗಂಬಳಿ ಕಾರ್ಖಾನೆಯಲ್ಲಿದ್ದರು. ನಮೂನೆಯನ್ನು ಚೌಕುಳಿ ಹಾಳೆಯ ಮೇಲೆ ಬಣ್ಣ ತುಂಬಿ ಬರೆಯುವುದು, ಆಮೇಲೆ ಅದನ್ನು ಸಾಲು ಸಾಲಾಗಿ ಮಾತಿಗಿಳಿಸುವುದು ಅವರ ಕೆಲಸ: ಮೂರು ಖಾಲಿ, ಐದು ಕಂದು, ಎರಡು ಬಿಳಿ, ಹೀಗೆ. ನೇಯುವವರು ನಮೂನೆ ನೋಡುತ್ತಿರಲಿಲ್ಲ, ಆ ಪಟ್ಟಿ ಕೇಳಿಕೊಂಡು ಗಂಟು ಹಾಕುತ್ತಿದ್ದರು. ಕಾರ್ಖಾನೆ ಮುಚ್ಚಿ ಐದು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಆಟದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಚೌಕಗಳೇ, ಅಡ್ಡ ಹದಿನಾರು, ಉದ್ದ ಹದಿನಾರು.

ಮಾಲೀಕರು ಆಟಕ್ಕೆ ನಾಯಿಯ ಚಿತ್ರ ಕೇಳಿದ್ದರು. "ನಾಯಿಗೆ ಕಾಲು ಉದ್ದ, ಚೌಕ ಸಾಲಲಿಲ್ಲ. ನೀರುನಾಯಿ ಅಂದ್ರೆ ಕಾಲೇ ಇಲ್ಲ ಅನ್ನೋ ಹಾಗೆ. ಅಚ್ಚುಕಟ್ಟಾಗಿ ಕೂತ್ಕೊಳ್ತು" ಎಂದರು ಚೌಕದಕ್ಕ. ಚಿತ್ರವನ್ನು ಚೀಲದಲ್ಲಿಟ್ಟುಕೊಂಡು ಸಾಲುಪಟ್ಟಿಯನ್ನು ಮಾತ್ರ ಕಂಪ್ಯೂಟರಿಗೆ ಕುಟ್ಟುವವನ ಕೈಗೆ ಕೊಟ್ಟರು. ಅವನನ್ನು ಎಲ್ಲರೂ ಕನ್ನಡಕ ಎನ್ನುತ್ತಿದ್ದರು. ಗಂಬಳಿಯ ನೇಯ್ಗೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಆದ್ದರಿಂದ ಇವರ ಮೊದಲ ಸಾಲು ಪಾದದ್ದು. ಪರದೆಯಲ್ಲಿ ಮೊದಲ ಸಾಲು ಮೇಲಿನದು. ಕನ್ನಡಕ ಬರೆದದ್ದನ್ನು ಬರೆದ ಹಾಗೆಯೇ ಕುಟ್ಟಿದ. ಮರುದಿನ ಬೆಳಿಗ್ಗೆ ಮಾಲೀಕರ ಮುಂದೆ ಪ್ರಾಣಿ ಕಾಲು ಮೇಲೆ ಮಾಡಿ ಹೊರಟಿತು.

"ಸತ್ತ ಇಲಿ ತೇಲ್ತಿದೆಯೇನಯ್ಯಾ ಇದು? ಮಧ್ಯಾಹ್ನ ಮೂರಕ್ಕೆ ಗಿರಾಕಿ ಬರ್ತಾರೆ! ಯಾರದು ಈ ಕೆಲಸ?"

"ನೋಡಿದ ತಕ್ಷಣ ನನಗೆ ಗೊತ್ತಾಯ್ತು" ಎಂದರು ಚೌಕದಕ್ಕ. "ಬಾಯಿ ಬರಲಿಲ್ಲ. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಷ್ಟೇ ಆಗಿತ್ತು. ಕನ್ನಡಕ ಪಾಪ, ನನ್ನ ಕೈಯೇ ಎಲ್ಲೋ ತಪ್ಪಿರಬೇಕು ಅಂದ. ಮಾಲೀಕರು ಆಗಲೇ ಎದ್ದು ಹೋಗು ಅಂದರು."

ಕುಟ್ಟುವ ಕೆಲಸ ಬಲ್ಲವನು ಅವನೊಬ್ಬನೇ. ತಿದ್ದಬೇಕಾದವನನ್ನೇ ಹೊರಗೆ ಕಳಿಸಿ ಮಾಲೀಕರು ಮೂರು ಗಂಟೆಯವರೆಗೆ ಯಂತ್ರದ ಸುತ್ತ ಸುತ್ತಿದರು. ಗಿರಾಕಿಯ ಹೆಂಡತಿ ಪರದೆ ನೋಡಿ, "ಏನ್ರೀ ಇದರ ಠೀವಿ! ಮಲ್ಕೊಂಡೇ ಹೊಳೆ ದಾಟ್ತಿದೆ!" ಎಂದು ನಕ್ಕರು. ಇನ್ನೂರು ಯಂತ್ರಗಳ ಬೇಡಿಕೆ ಬಂತು. ನದಿಯ ಕಥೆ ಆಮೇಲೆ ಹುಟ್ಟಿತು. ಕನ್ನಡಕನನ್ನು ವಾಪಸ್ ಕರೆಯುವ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮೂಲ ಹಾಳೆ ಪುಸ್ತಕಕ್ಕೆ ಬೇಕು ಎಂದೆ. ಚೌಕದಕ್ಕ ಅದನ್ನು ತೆಗೆದು ತೋರಿಸಿದರು; ಅಂಚಿನಲ್ಲಿ ಸಾಲಿನ ಸಂಖ್ಯೆ ಕೆಳಗಿನಿಂದಲೇ ಶುರುವಾಗಿತ್ತು.

"ಕೊಡ್ತೀನಿ. ತಪ್ಪು ನಂದು, ಅವನದಲ್ಲ ಅಂತ ಅಚ್ಚು ಹಾಕಿದ್ರೆ ಮಾತ್ರ."

ಕಂಪನಿ ಈಗ ಮಾಲೀಕರ ಮಗಳ ಕೈಯಲ್ಲಿದೆ. ನದಿಯ ಕಥೆ ಬಿಡಬೇಕಾಗುತ್ತದೆ ಎಂದು ಅವರಿಗೆ ಅಂಜುತ್ತಲೇ ಹೇಳಿದೆ. ಅವರು ತುಸು ಹೊತ್ತು ಪೆನ್ನು ತಿರುಗಿಸಿದರು. "ಅಪ್ಪ ನೀರು ಕಂಡ್ರೆ ಮಾರು ದೂರ ಓಡ್ತಿದ್ರು, ಮನೇಲೆಲ್ಲ ಗೊತ್ತು. ಬರೀರಿ. ಆದ್ರೆ ಆ ಕನ್ನಡಕ ಅನ್ನೋರ ಹೆಸರು ಹಾಕೋಕೆ ಅವರ ಒಪ್ಪಿಗೆ ತಗೊಳ್ಳಿ."

ಕನ್ನಡಕ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದರು. ಒಬ್ಬನೇ ಹೋಗಿ ಬರುತ್ತೇನೆ ಎಂದರೂ ಚೌಕದಕ್ಕ ಬಿಡದೆ ಜೊತೆಗೆ ಬಂದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ, ಬಿಚ್ಚಿಟ್ಟ ರೇಡಿಯೊದ ಪಕ್ಕದಲ್ಲಿ ಹಾಳೆ ಹರಡಿ ಅಂಚಿನ ಸಂಖ್ಯೆಗಳ ಮೇಲೆ ಬೆರಳಿಟ್ಟರು. ಕನ್ನಡಕ ಅವರು ಕೆಳಗಿನಿಂದ ಮೇಲಕ್ಕೆ ಎಲ್ಲವನ್ನೂ ಓದಿದರು. ಇನ್ನೊಮ್ಮೆ ಓದಿದರು.

"ಅಂದ್ರೆ ನನ್ನ ಕೈ ಸರಿಯಾಗೇ ಇತ್ತು."

"ಸರಿಯಾಗೇ ಇತ್ತು ಕಣೋ."

"ಅವತ್ತಿಂದ ಒಂದು ಸ್ಕ್ರೂ ತಿರುಗಿಸಿದ್ರೂ ಮೂರು ಸಲ ನೋಡ್ತೀನಿ ಅಕ್ಕ. ಗಿರಾಕಿಗಳು ಬಯ್ಕೊಂಡು ಹೋಗ್ತಾರೆ." ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. ಸಿಟ್ಟೋ ಏನೋ ನನಗೆ ತಿಳಿಯಲಿಲ್ಲ. "ಅವತ್ತೇ ಹೇಳಬಹುದಿತ್ತು ನೀವು."

"ಹೇಳಬಹುದಿತ್ತು."

ಕನ್ನಡಕ ಅವರು ಹಾಳೆಯನ್ನು ಅಕ್ಕನ ಕಡೆ ಸರಿಸಿ ಒಳಬಾಗಿಲ ಕಡೆ ಗದ್ದ ಎತ್ತಿದರು. "ನಲವತ್ತು ವರ್ಷದಿಂದ ನನ್ನ ಹೆಂಡತಿ ನನ್ನನ್ನ ತಲೆಕೆಳಗ ಅಂತಲೇ ಕರೀತಾಳೆ. ಪುಸ್ತಕ ಆಮೇಲಿರಲಿ, ಮೊದಲು ಅವಳಿಗೆ ಹೇಳಿ ಬನ್ನಿ."

ಚೌಕದಕ್ಕ ಒಳಗೆ ಹೋದರು. ಅರ್ಧ ಗಂಟೆ ಕಳೆದರೂ ಹೊರಗೆ ಬರಲಿಲ್ಲ. ಗೋಡೆಯಾಚೆ ಮೊದಲು ಏರಿದ ದನಿ, ಆಮೇಲೆ ನಗು ಕೇಳಿಸಿತು.

ಪುಸ್ತಕದ ಹನ್ನೊಂದನೆಯ ಪುಟದಲ್ಲಿ ಹಾಳೆ ಅಚ್ಚಾಗಿದೆ. ಕೆಳಗೆ, ಕನ್ನಡಕ ಅವರ ಒಪ್ಪಿಗೆಯೊಂದಿಗೆ, ಇಬ್ಬರ ಪೂರ್ತಿ ಹೆಸರುಗಳೂ ನಡೆದ ಸಂಗತಿಯೂ ನಾಲ್ಕು ಸಾಲಿನಲ್ಲಿವೆ. ಈಗ ಹಳೆಯ ಆಟದ ಯಂತ್ರಗಳೂ ಕನ್ನಡಕ ಅವರ ಅಂಗಡಿಗೆ ರಿಪೇರಿಗೆ ಬರುತ್ತವೆ. ವಾರಕ್ಕೆ ಮೂರು ದಿನ ಚೌಕದಕ್ಕ ಅಲ್ಲಿ ಕುಳಿತು, ಯಂತ್ರಗಳ ಬದಿಯ ಹಲಗೆಯ ಚಿತ್ರಗಳಲ್ಲಿ ಬಣ್ಣ ಎದ್ದುಹೋದ ಕಡೆ ಹೊಸದಾಗಿ ಬಣ್ಣ ತುಂಬುತ್ತಾರೆ.