ಧರ್ಮಲಿಂಗಂ ಅವರ ಬಲಗಡೆಯ ಸ್ಪೀಕರ್

ಊಟಿ ಬಳಿಯ ಸೋಲೂರಿನ ಸುತ್ತ ಹತ್ತು ಹಟ್ಟಿಗಳಲ್ಲಿ ಮದುವೆಯಾಗಲಿ, ಸಾವಾಗಲಿ, ಹಬ್ಬವಾಗಲಿ, ಮೈಕ್ ಸೆಟ್ ಎಂದರೆ ಧರ್ಮಲಿಂಗಂ ಅವರದೇ. ಮೂವತ್ತೆರಡು ವರ್ಷದ ಕಸುಬು. ಶುರುವಿನಲ್ಲಿ ಕಹಳೆಯಂಥ ಎರಡು ತಗಡಿನ ಸ್ಪೀಕರ್ ಇದ್ದವು. ಈಗ ಆಳೆತ್ತರದ ನಾಲ್ಕು ಬಾಕ್ಸ್ ಇವೆ. ಶಬ್ದದ ವಿಷಯದಲ್ಲಿ ಅವರು ಯಾರ ಮಾತನ್ನೂ ಕೇಳುವವರಲ್ಲ. ಬೇರೆ ವಿಷಯದಲ್ಲೂ ಅಷ್ಟೇನೂ ಕೇಳುವುದಿಲ್ಲ ಎಂದು ಹೆಂಡತಿ ಈಶ್ವರಿ ಹೇಳುತ್ತಿದ್ದರು.

ಮನೆಯ ಮುಂಗೋಣೆಯಲ್ಲಿ ಅವರದೊಂದು ಖಾಸಗಿ ಹೆಮ್ಮೆಯಿತ್ತು. ಊಟಿಯಲ್ಲಿ ಮುಚ್ಚಿಹೋದ ಒಂದು ಹೋಮ್‌ಸ್ಟೇಯಿಂದ ತಂದ ಹಳೆಯ ಹೋಮ್ ಥಿಯೇಟರ್: ಒಂದು ಆಂಪ್ಲಿಫೈಯರ್, ಟಿವಿಯ ಬಳಿ ಮೂರು ಸ್ಪೀಕರ್, ಬೆಂಚಿನ ಹಿಂದೆ ಗೋಡೆಯಲ್ಲಿ ಎರಡು, ಮೂಲೆಯಲ್ಲಿ ಧಿಂ ಎನ್ನಲು ಒಂದು ಪೆಟ್ಟಿಗೆ. ಟಿವಿಯ ಕೇಬಲ್ ಪೆಟ್ಟಿಗೆಯಿಂದ ನೇರ ವೈರೆಳೆದು, ಐದರಿಂದಲೂ ಒಂದೇ ಶಬ್ದ ಬರುವ ಹಾಗೆ ಜೋಡಿಸಿದ್ದರು. ಸೀರಿಯಲ್ಲಿನ ಹೆಂಗಸು ಅತ್ತರೆ ಐದು ದಿಕ್ಕಿನಿಂದ ಅಳುತ್ತಿದ್ದಳು.

ಮಗಳು ಸರಣ್ಯಾ ಊಟಿಯ ಒಂದು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಗೂಡಲೂರಿಗೆ ವರ್ಗವಾದ ಗೆಳತಿಯೊಬ್ಬಳು ತನ್ನ ಗೇಮ್ ಕನ್ಸೋಲನ್ನು ಇವಳಿಗೆ ಕೊಟ್ಟು ಹೋದಳು. ಶನಿವಾರ ಮಧ್ಯಾಹ್ನದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದ ಸರಣ್ಯಾ, ಟಿವಿಗೆ ಸಿಕ್ಕಿಸಿ ಕಾರಿನ ಆಟ ಹಾಕಿದಳು. ಚಿತ್ರ ಚೆನ್ನಾಗಿ ಬಂತು. ಶಬ್ದ ಮಾತ್ರ ಟಿವಿಯ ಹೊಟ್ಟೆಯೊಳಗಿಂದ ಬಂತು.

"ಇದು ಕಾರಾ, ಸೊಳ್ಳೆಯಾ?" ಎಂದರು ಧರ್ಮಲಿಂಗಂ. "ಎನ್ನ ಸೆಟ್ಟಿಗೆ ಹಾಕು."

ಹಾಕುವುದು ಹೇಗೆ? ಅವರು ಬಿಸ್ಕತ್ತಿನ ಡಬ್ಬಿ ತೆರೆದರು. ಮೂವತ್ತೆರಡು ವರ್ಷದ ಪಿನ್ನುಗಳೆಲ್ಲ ಅದರಲ್ಲಿದ್ದವು. ಕೆಂಪು-ಬಿಳಿ ಪಿನ್ನು, ದಪ್ಪ ಪಿನ್ನು, ಸಣ್ಣ ಪಿನ್ನು, ಒಂದೊಂದನ್ನೂ ಹಿಡಿದು ಕನ್ಸೋಲಿನ ಹಿಂಭಾಗವನ್ನು ತಡಕಿದರು. ಒಂದಕ್ಕೂ ಜಾಗವಿರಲಿಲ್ಲ.

"ಇದನ್ನ ಮಾಡಿದವನಿಗೆ ಕೆಲಸ ಗೊತ್ತಿಲ್ಲೆ" ಎಂದು ತೀರ್ಪು ಕೊಟ್ಟರು.

ಭಾನುವಾರ ಬೆಳಿಗ್ಗೆ ಅಪ್ಪ, ಮಗಳು ಊಟಿಗೆ ಹೋದರು. ಅಂಗಡಿಯವನು ಒಂದು ತೆಳ್ಳನೆಯ ಕರಿ ವೈರು ಕೊಟ್ಟ. ಕನ್ಸೋಲ್ ಟಿವಿಗೆ ಸಿಕ್ಕಿಸಿದಂತೆಯೇ ಇರಲಿ, ಟಿವಿಯಿಂದ ಆಂಪ್ಲಿಫೈಯರ್‌ಗೆ ಇದನ್ನು ಹಾಕಿ, ಶಬ್ದ ಇದರಲ್ಲಿ ಬೆಳಕಾಗಿ ಹೋಗುತ್ತದೆ ಎಂದ. ಧರ್ಮಲಿಂಗಂ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ವೈರನ್ನು ಅನುಮಾನದಿಂದ ನೋಡುತ್ತಿದ್ದರು. ಮನೆಗೆ ಬಂದು ಸಿಕ್ಕಿಸಿದರೆ ಅದು ಕೂರಲೇ ಇಲ್ಲ. ಬಲ ಹಾಕಿ ಒತ್ತಲು ಹೊರಟಾಗ ಸರಣ್ಯಾ ಅವರ ಕೈ ಹಿಡಿದು, ತುದಿಯಲ್ಲಿದ್ದ ಪ್ಲಾಸ್ಟಿಕ್ ಟೋಪಿಯನ್ನು ತೆಗೆದಳು.

"ಅದು ಎನಗೆ ಗೊತ್ತಿತ್ತು" ಎಂದರು ಅವರು.

ಈಗ ಮುಂದಿನ ಎರಡು ಸ್ಪೀಕರ್ ಮಾತಾಡಿದವು, ಉಳಿದವು ಸುಮ್ಮನಿದ್ದವು. ಸರಣ್ಯಾ ಟಿವಿಯ ಸೆಟ್ಟಿಂಗಿಗೆ ಹೋಗಿ, ಹೊರಗೆ ಕಳಿಸುವ ಶಬ್ದವನ್ನು ಎರಡೇ ಸ್ಪೀಕರಿಗೆ ಸಾಲುವ ಪಿಸಿಎಂನಿಂದ ಐದಕ್ಕೂ ಹಂಚುವ ಡಾಲ್ಬಿಗೆ ಬದಲಾಯಿಸಿದಳು. ಕೋಣೆ ತುಂಬಿತು. ಕಾರೊಂದು ಎಡಗಡೆಯಿಂದ ಬಂದು, ಬೆನ್ನ ಹಿಂದೆ ಸುತ್ತಿ ಬಲಗಡೆಗೆ ಹೋಯಿತು. ಈಶ್ವರಿ ಅಡುಗೆಮನೆಯಿಂದ ಇಣುಕಿ, ಅಂಗಳಕ್ಕೆ ಯಾರು ಬಂದರೆಂದು ನೋಡಿದರು.

ಧರ್ಮಲಿಂಗಂ ತಾವೂ ಆಡಲು ಕುಳಿತರು. ಎಡಗಡೆಯಿಂದ ನುಗ್ಗುವ ಕಾರುಗಳನ್ನು ಜಾಣತನದಿಂದ ತಪ್ಪಿಸಿದರು. ಬಲಗಡೆಯಿಂದ ಬಂದದ್ದೆಲ್ಲ ಅವರಿಗೆ ಗುದ್ದಿತು. ಏಳನೇ ಸಲ ಗುದ್ದಿಸಿಕೊಂಡ ಮೇಲೆ ಕೈಯಲ್ಲಿದ್ದ ಆಟದ ರಿಮೋಟನ್ನು ಕೆಳಗಿಟ್ಟರು.

"ಹಿಂದಿನ ಬಲಗಡೆ ಸ್ಪೀಕರ್ ಸತ್ತಿದೆ. ಅದು ಹೇಳಿದರಲ್ಲವಾ ನಾ ತಪ್ಪಿಸೋದು."

"ಇಲ್ಲಪ್ಪಾ, ಚೆನ್ನಾಗಿ ಕೇಳ್ತಾದೆ."

"ನೀ ಕೊರಿಯರ್ ಆಫೀಸು. ನಾ ಮೈಕ್ ಸೆಟ್ಟು" ಎಂದರು ಧರ್ಮಲಿಂಗಂ.

ಸೋಮವಾರ ಸ್ಪೀಕರನ್ನು ಗೋಡೆಯಿಂದ ಇಳಿಸಿ ಬಿಚ್ಚಿದರು. ಆಂಪ್ಲಿಫೈಯರ್ ರಿಮೋಟಿನಲ್ಲಿ ಪರೀಕ್ಷೆಯ ಗುಂಡಿಯೊಂದಿತ್ತು. ಒತ್ತಿದರೆ ಒಂದೊಂದೇ ಸ್ಪೀಕರ್ ಸರದಿಯಲ್ಲಿ ಶ್ ಎನ್ನುತ್ತಿತ್ತು. ಹಿಂದಿನ ಬಲಗಡೆಯದರ ಸರದಿಯಲ್ಲಿ ಮೌನ. ಎಡಗಡೆಯ ಸ್ಪೀಕರನ್ನು ತಂದು ಬಲಗಡೆಗೆ ಹಾಕಿದರು. ಆ ಒಳ್ಳೆಯ ಸ್ಪೀಕರ್ ಕೂಡ ಬಲಗಡೆಗೆ ಬಂದ ಕೂಡಲೇ ಬಾಯಿ ಮುಚ್ಚಿತು. ಹಾಗಾದರೆ ವೈರು. ಮಂಗಳವಾರ ಎರಡನ್ನೂ ಅವುಗಳ ಜಾಗಕ್ಕೆ ಮರಳಿಸಿ ಹೊಸ ವೈರು ಎಳೆದರು. ಆಗಲೂ ಮೌನ. ಹಾಗಾದರೆ ಆಂಪ್ಲಿಫೈಯರ್. ಬುಧವಾರ ಅದರ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಒಳಗೆ ಬೆಸುಗೆಗಳನ್ನು ನೋಡುತ್ತ ಕುಳಿತರು.

ಮಧ್ಯಾಹ್ನ ಈಶ್ವರಿ ಕ್ಯಾರೆಟ್ ತೋಟದಿಂದ ಕೈ ತುಂಬ ಮಣ್ಣು ಮಾಡಿಕೊಂಡು ಬಂದರು. ನೆಲದ ಮೇಲೆ ಹರಡಿದ್ದ ಸಾಮಾನನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು.

"ಮುಚ್ಚಳ ಹಾಕು" ಎಂದರು. ಅವರು ಹಾಕಿದರು. "ಈಗ ಟಿವಿಗೆ ಬೆನ್ನು ಹಾಕಿ ಕೂತುಕೋ."

"ಎದಕ್ಕೆ?"

"ಕೂತುಕೋ ಅಂದೆ."

ಧರ್ಮಲಿಂಗಂ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕುಳಿತರು. ಈಶ್ವರಿ ಮೊಣಕೈಯಿಂದ ರಿಮೋಟಿನ ಪರೀಕ್ಷೆಯ ಗುಂಡಿ ಒತ್ತಿದರು. ಮೂರು ದಿನ ಸತ್ತಿದ್ದ ಸ್ಪೀಕರ್ ಶ್ ಎಂದಿತು, ಸ್ಪಷ್ಟವಾಗಿ. ಅದರ ಪಕ್ಕದ್ದು, ಅಷ್ಟು ದಿನ ಸರಿಯಿದ್ದದ್ದು, ಈಗ ಸುಮ್ಮನಾಗಿತ್ತು.

ಧರ್ಮಲಿಂಗಂ ತಾವೇ ರಿಮೋಟ್ ತೆಗೆದುಕೊಂಡು ಇನ್ನೊಂದು ಸಲ ಒತ್ತಿದರು. ಮತ್ತೆ ಹಾಗೆಯೇ.

"ಸ್ಪೀಕರ್ ತಿರುಗಲಿಲ್ಲೆ" ಎಂದರು ಈಶ್ವರಿ. "ನೀ ತಿರುಗಿದೆ."

ಧರ್ಮಲಿಂಗಂ ಬಲಗಿವಿಯನ್ನು ಬೆರಳಿನಿಂದ ಮುಚ್ಚಿದರು, ತೆಗೆದರು. ಏನೂ ಬದಲಾಗಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಆರು ವರ್ಷ ಆಯ್ತು. ಅಂದಿನಿಂದ ನಾ ನಿನ್ನ ಎಡಗಡೆಗೇ ನಡೀತೀನಿ."

"ಎನಗೆ ಹೇಳಬಾರದಾ?"

"ಹೇಳಿದ್ದೆ" ಎಂದರು ಈಶ್ವರಿ. "ಬಲಗಡೆಯಿಂದ ಹೇಳಿದೆ ಅಂತ ಕಾಣ್ತಾದೆ."

ಧರ್ಮಲಿಂಗಂ ನಗಲಿಲ್ಲ. ಬೆಂಚಿನ ಮೇಲೆ ಕುಳಿತು ಒಂದೊಂದನ್ನೇ ನೆನೆದರು. ತುಮ್ಮನಟ್ಟಿಯ ಮದುವೆಯಲ್ಲಿ ಹುಡುಗಿಯ ಮಾವ ಪಕ್ಕದಲ್ಲೇ ನಿಂತು ಮೂರು ಸಲ ಕರೆದು, ಇವರು ತಿರುಗದಿದ್ದಾಗ ಮುಖ ಊದಿಸಿಕೊಂಡು ಹೋದದ್ದು. ಆ ಮನುಷ್ಯನಿಗೆ ಸೊಕ್ಕು ಎಂದು ತಾವು ಎರಡು ವರ್ಷ ಹೇಳಿಕೊಂಡು ತಿರುಗಿದ್ದು. ಮೂವತ್ತೆರಡು ವರ್ಷ ಸ್ಪೀಕರಿನ ಪಕ್ಕ, ಅದೂ ಪ್ರತಿ ಸಲ ಸ್ಪೀಕರ್ ಬಲಗಡೆ ಬರುವ ಹಾಗೆ ಕುರ್ಚಿ ಹಾಕಿಕೊಂಡದ್ದು. ಈಶ್ವರಿ ಕೈ ತೊಳೆದು ಬಂದು, ಚಹಾ ಲೋಟವನ್ನು ಅವರ ಕೈಗೆ ಕೊಟ್ಟು, ಎಡಗಡೆ ಕುಳಿತರು.

ಮುಂದಿನ ವಾರ ಸರಣ್ಯಾ ಅಪ್ಪನನ್ನು ಊಟಿಯಲ್ಲಿ ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹೋದದ್ದು ಮರಳಿ ಬರುವುದಿಲ್ಲ, ಮಿಷನ್ ಹಾಕಿದರೆ ಅನುಕೂಲ, ಉಳಿದ ಕಿವಿಯನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಧರ್ಮಲಿಂಗಂ ಆ ಪುಟ್ಟ ಮಿಷನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಇದು ಎಷ್ಟು ವಾಟ್?" ಎಂದು ಕೇಳಿದರು. ಡಾಕ್ಟರು ನಗದೆ ಉತ್ತರ ಹೇಳಿದರು. ಸರಣ್ಯಾ ಹೊರಗೆ ಬಂದು ನಕ್ಕಳು.

ಮೊದಲ ವಾರ ಮಿಷನ್ ಅವರಿಗೆ ಹಿಡಿಸಲಿಲ್ಲ. ಚಮಚದ ಸದ್ದೇ ಚುಚ್ಚುತ್ತದೆ ಎಂದು ಗೊಣಗಿದರು. ಈಶ್ವರಿ ಗಂಡನ ಬಗ್ಗೆ ಒಲೆಯ ಮುಂದೆ ದಿನವಿಡೀ ಮಾತಾಡಿಕೊಳ್ಳುವ ಸಂಗತಿಯೂ ಆಗಲೇ ತಿಳಿದದ್ದು. ಆದರೆ ಮಿಷನ್ ತೆಗೆದಿಡಲಿಲ್ಲ.

ಮದುವೆಗಳಿಲ್ಲದ ಮಾರ್ಗಳಿ ತಿಂಗಳು ಕಳೆದ ಮೇಲೆ ತುಮ್ಮನಟ್ಟಿಯಲ್ಲಿ ಒಂದು ಮದುವೆ ಬಂತು. ಧರ್ಮಲಿಂಗಂ ಬಾಕ್ಸುಗಳನ್ನು ಕುರ್ಚಿಗಳಿಂದ ದೂರ ನಿಲ್ಲಿಸಿದರು, ಶಬ್ದವನ್ನು ಅರ್ಧಕ್ಕೆ ಇಳಿಸಿದರು. ಕುಣಿಯಲು ಸಜ್ಜಾಗಿ ಬಂದಿದ್ದ ಭೀಮ ಎಂಬ ನೆಂಟನಿಗೆ ಗಾಬರಿಯಾಯಿತು.

"ಮಾಮಾ, ಸೆಟ್ ಕೆಟ್ಟು ಹೋಯ್ತಾ?"

"ಕೆಟ್ಟಿಲ್ಲೆ. ಇಷ್ಟೇ."

"ಇದು ಮದುವೆಯಾ, ಲೈಬ್ರರಿಯಾ?"

"ಕುಣೀಲಿಕ್ಕೆ ಕಾಲು ಸಾಕು" ಎಂದರು ಧರ್ಮಲಿಂಗಂ, ಗುಂಡಿಯ ಮೇಲಿಂದ ಕೈ ತೆಗೆಯದೆ.

ಭೀಮ ಗೊಣಗಿಕೊಂಡು ಹೋಗಿ, ಸ್ವಲ್ಪ ಹೊತ್ತಿಗೆ ಕುಣಿಯತೊಡಗಿದ. ಚಪ್ಪರದ ಕೆಳಗೆ ಜನ ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಕೂಗದೆ ಮಾತಾಡುತ್ತಿದ್ದರು. ಇಬ್ಬರು ಮುದುಕಿಯರು ಉದಕವೆಂಬ ಅವರೆಕಾಳಿನ ಸಾರಿಗೆ ಉಪ್ಪು ಹೆಚ್ಚಾಗಿದೆಯೇ ಇಲ್ಲವೇ ಎಂದು ವಾದಕ್ಕೆ ಬಿದ್ದಿದ್ದರು. ಧರ್ಮಲಿಂಗಂ ಆ ವಾದವನ್ನು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಊಟಕ್ಕೆ ಎದ್ದು ಹೋಗಿ ರುಚಿ ನೋಡಿದರು. ಉಪ್ಪು ಹೆಚ್ಚೇ ಆಗಿತ್ತು.