ಎರಡು ಉಬ್ಬರಗಳ ನಡುವೆ ಶಾಂತಕ್ಕ

ಜೇವರ್ಗಿಯಿಂದ ನಾವು ಮೂವರು ಹೊರಟಾಗ ಸಂಜೆ ಐದಾಗಿತ್ತು. ಫೆಬ್ರುವರಿ ತಿಂಗಳು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಅಕ್ಕ ಶಾಂತಾ, ಅವಳ ಪಕ್ಕ ಅವಳ ಗೆಳತಿ ರಜಿಯಾ ಟೀಚರ್, ಡಿಕ್ಕಿಯಲ್ಲಿ ಮಡಚಿಟ್ಟ ಗಾಲಿಕುರ್ಚಿ. ಅಕ್ಕನಿಗೆ ಮೂರನೇ ವಯಸ್ಸಿಗೆ ಪೋಲಿಯೊ ಬಂದು ಎರಡೂ ಕಾಲುಗಳ ಶಕ್ತಿ ಹೋಗಿತ್ತು. ಕುರ್ಚಿಯಲ್ಲೇ ಕುಳಿತು ಅವಳು ಮೂವತ್ತು ವರ್ಷ ಭೂಗೋಳ ಕಲಿಸಿ, ಹೋದ ವರ್ಷ ನಿವೃತ್ತಳಾಗಿದ್ದಳು. ರಜಿಯಾ ಟೀಚರ್ ಅದೇ ಶಾಲೆಯಲ್ಲಿದ್ದವರು, ಆಳಂದದವರು. ಗಡಿ ಕಡೆಯವರಾದ್ದರಿಂದ ಮರಾಠಿ ಅವರಿಗೆ ಮನೆಮಾತಿನಷ್ಟು ಸಲೀಸು. ನಾನು ಈರಣ್ಣ, ಅಫಜಲಪುರದಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಮಾಡುವವನು.

ಹೊರಟಿದ್ದು ಮುಂಬೈಗೆ, ದೋಣಿಗಳ ಪ್ರದರ್ಶನ ನೋಡಲು. ಊರಲ್ಲಿ ಯಾರಿಗೆ ಹೇಳಿದರೂ ನಕ್ಕರು. ಆದರೆ ಅಕ್ಕನ ಹಟಕ್ಕೆ ಕಾರಣವಿತ್ತು. ಶಾಲೆಯ ಪ್ರವಾಸದಲ್ಲಿ ಕೆರೆ, ಹೊಳೆ, ಕಡಲು ಎಲ್ಲಿ ಹೋದರೂ ದೋಣಿಯವರು ಕುರ್ಚಿ ಹತ್ತಿಸುವುದಿಲ್ಲ ಎನ್ನುತ್ತಿದ್ದರು. ಮಕ್ಕಳೆಲ್ಲ ನೀರಿನ ಮೇಲೆ ಹೋದಾಗ ಅವಳು ದಂಡೆಯಲ್ಲಿ ಕುಳಿತು ಅವರ ಚೀಲ, ಚಪ್ಪಲಿ ಕಾಯುತ್ತಿದ್ದಳು. ನಿವೃತ್ತಳಾದ ವಾರವೇ ನನ್ನನ್ನು ಕರೆಸಿ, "ತಮ್ಮಾ, ಚಪ್ಪಲಿ ಕಾಯೂದು ಸಾಕಾತು. ನಾ ಸಮುದ್ರದ ಮ್ಯಾಲ ಹೋಗ್ತೇನಿ. ಯಾರೂ ಎತ್ತಿಕೊಂಡಲ್ಲ, ನನ್ನ ಕುರ್ಚಿ ಮ್ಯಾಲ ಕುಂತು," ಎಂದಳು.

ಜೇವರ್ಗಿಯಿಂದ ಕಲಬುರಗಿ ಸುಮಾರು ನಲವತ್ತು ಕಿಲೋಮೀಟರ್. ಅಲ್ಲಿ ರೈಲು ಹತ್ತಿ, ಗರಿಗರಿ ಕಟಕ ರೊಟ್ಟಿ, ಖಾರದ ಶೇಂಗಾ ಹಿಂಡಿ ಚಟ್ನಿಪುಡಿ, ಮೊಸರು ತಿಂದು ಮಲಗಿದೆವು. ಬೆಳಿಗ್ಗೆ ಎದ್ದಾಗ ಕಿಟಕಿಯ ಹೊರಗೆ ಮುಂಬೈ ಶುರುವಾಗಿತ್ತು.

ಪ್ರದರ್ಶನ ಒಂದು ದೊಡ್ಡ ಸಭಾಂಗಣದಲ್ಲಿ. ಒಳಗೆ ಕಾಲಿಟ್ಟರೆ ತಲೆಯ ಮೇಲೆಲ್ಲ ದೋಣಿಗಳು! ಪ್ರತಿಯೊಂದನ್ನೂ ಕಬ್ಬಿಣದ ಅಟ್ಟಣಿಗೆಯ ಮೇಲೆ ಕೂರಿಸಿದ್ದರು. ಹತ್ತಲು ಎಂಟೊಂಬತ್ತು ಮೆಟ್ಟಿಲು. ನಾನು ಕಿಸೆಯಿಂದ ಟೇಪು ತೆಗೆದು ಒಂದೊಂದೇ ದೋಣಿ ಹತ್ತಿ ಬಾಗಿಲು, ಹಾದಿ ಅಳೆಯತೊಡಗಿದೆ. ಅಕ್ಕನ ಕುರ್ಚಿಗೆ ಇಪ್ಪತ್ತೈದು ಇಂಚು ಬೇಕು. ಒಂದರಲ್ಲಿ ಹದಿನೆಂಟಿತ್ತು, ಇನ್ನೊಂದರಲ್ಲಿ ಒಳಗಿಳಿಯಲು ಕೋಳಿಗೂಡಿಗೆ ಇಡುವಂಥ ಏಣಿ. ನನ್ನ ಟೇಪು ನೋಡಿ ಮಾರುವವರೆಲ್ಲ ನನ್ನನ್ನು ದೊಡ್ಡ ಗಿರಾಕಿ ಎಂದುಕೊಂಡು ತಂಪು ನೀರು, ಬಣ್ಣದ ಪುಸ್ತಕ ಕೊಟ್ಟರು. ಒಬ್ಬನಂತೂ ಅಕ್ಕನತ್ತ ಕೈ ತೋರಿಸಿ, "ಮೇಡಂ ಕೆಳಗೇ ಆರಾಮಾಗಿರಲಿ, ನೀವು ನೋಡಿ ಬನ್ನಿ," ಎಂದ. ಅವಳ ಮುಖ ನೋಡಿ ನನಗೆ ಇವಳನ್ನು ಇಷ್ಟು ದೂರ ಕರೆತಂದದ್ದೇ ತಪ್ಪಾಯಿತೇನೋ ಅನಿಸಿತು.

ಮಧ್ಯಾಹ್ನದ ಹೊತ್ತಿಗೆ ಹುಡುಕಿದರೆ ಅವಳು ಜಾಗದಲ್ಲಿರಲಿಲ್ಲ. ಸಭಾಂಗಣದ ಕೊನೆಯಲ್ಲಿ ಒಂದು ಭಾರಿ ದೋಣಿಯ ಅಡಿಯಲ್ಲಿ ಕತ್ತೆತ್ತಿ ಕೂತಿದ್ದಳು. "ಈರಣ್ಣ, ನೀವೆಲ್ಲ ಮ್ಯಾಲ ಹತ್ತಿ ಸೋಫಾ ನೋಡಾಕತ್ತೀರಿ. ನಾ ಬೆಳಿಗ್ಗಿಂದ ಎಲ್ಲಾದರ ಹೊಟ್ಟಿ ನೋಡೇನಿ. ಇದಕ್ಕ ಎರಡು ಹೊಟ್ಟಿ ಅವ ನೋಡು!"

ಅದು ಕ್ಯಾಟಮರಾನ್. ಎರಡು ಉದ್ದನೆಯ ಒಡಲು, ಅವುಗಳ ಮೇಲೆ ಅಂಗಳದಷ್ಟು ಅಗಲದ ಸಪಾಟು ನೆಲ. ಅಲ್ಲಿದ್ದ ಹೆಣ್ಣುಮಗಳೊಬ್ಬಳು ರಜಿಯಾ ಟೀಚರ್‌ಗೆ ಮರಾಠಿಯಲ್ಲಿ ವಿವರಿಸಿದಳು: ಇದು ಉಳಿದ ಹಾಯಿದೋಣಿಗಳಂತೆ ಗಾಳಿಗೆ ಒಂದು ಕಡೆ ವಾಲುವುದಿಲ್ಲ. ನಾನು ಓಡಿ ಹತ್ತಿ ಅಳೆದೆ. ಬಾಗಿಲು ಮೂವತ್ತೊಂದು ಇಂಚು! ಹೊಸ್ತಿಲೂ ಇಲ್ಲ. ಮೇಲಿನಿಂದಲೇ ಕೂಗಿದೆ, "ಅಕ್ಕಾ, ಹಿಡೀತೈತಿ!" ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಕೊಳ್ಳುವ ಮಾತು ಹೇಗೂ ಇರಲಿಲ್ಲ. ಅಂಥದೇ ಐವತ್ತು ಅಡಿಯ ದೋಣಿಯನ್ನು ಒಬ್ಬ ಕ್ಯಾಪ್ಟನ್ ಬಾಡಿಗೆಗೆ ಕೊಡುತ್ತಾರೆಂದು ಅದೇ ಹೆಣ್ಣುಮಗಳು ನಂಬರು ಕೊಟ್ಟಳು. ಫೋನ್ ಮಾಡಿ, ಮರುದಿನ ಅವರ ದೋಣಿ ನಿಲ್ಲುವ ಧಕ್ಕೆಗೆ ಹೋದೆವು.

ಕ್ಯಾಪ್ಟನ್ ಸುಭಾಷ್ ಕೊಂಕಣದ ಮೀನುಗಾರರ ಮನೆಯವರು, ಮಾತು ಕಡಿಮೆ. ನಾವು ಧಕ್ಕೆ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ. ದೋಣಿ ಕಂಡಿತು. ಕಲ್ಲಿನ ಧಕ್ಕೆಗಿಂತ ಅದರ ನೆಲ ನಾಲ್ಕಡಿ ಕೆಳಗಿತ್ತು. ಹಲಗೆ ಹಾಕಿದರೆ ಜಾರುಬಂಡೆಯೇ ಸೈ.

"ಎತ್ತಿ ಇಳಿಸಬಹುದು," ಎಂದರು ಕ್ಯಾಪ್ಟನ್. "ನಾಲ್ಕು ಜನ ಸಾಕು."

ರಜಿಯಾ ಟೀಚರ್ ಅದನ್ನು ಕನ್ನಡಕ್ಕೆ ತಿರುಗಿಸುವ ಮೊದಲೇ ಅಕ್ಕ ತಲೆ ಅಲ್ಲಾಡಿಸಿದಳು. ಧಕ್ಕೆಯ ಕಲ್ಲನ್ನೇ ನೋಡುತ್ತಿದ್ದಳು. ಅದರ ಮೇಲೆ ಮಾರುದ್ದ ಹಸಿ ಪಾಚಿಯ ಪಟ್ಟಿ.

"ರಜಿಯಾ, ಅವರಿಗೆ ಕೇಳ ಬೇ, ನೀರು ಆ ಪಾಚಿ ತನಕ ಯಾವಾಗ ಬರ್ತದ?"

"ನಾಳೆ ಬೆಳಿಗ್ಗೆ ಆರೂ ನಲವತ್ತಕ್ಕೆ ಉಬ್ಬರ," ಎಂದರು ಕ್ಯಾಪ್ಟನ್.

"ಹಂಗಾದ್ರ ದೋಣಿನೂ ನಾಲ್ಕು ಫೂಟ್ ಮ್ಯಾಲ ಬರ್ತದಲ್ಲ? ನೆಲ, ಧಕ್ಕಿ ಎರಡೂ ಒಂದ ಮಟ್ಟ ಆಗ್ತಾವ. ನನ್ನ ಯಾಕ ಎತ್ತಬೇಕ್ರಿ? ಚಂದ್ರ ಎತ್ತತಾನ!"

ಕ್ಯಾಪ್ಟನ್ ಮೊದಲ ಸಲ ನಕ್ಕರು. ನಂತರ ಗಂಭೀರವಾದರು. "ಆದರೆ ಶಾಂತಾಬಾಯಿ, ಜನ ನಾಲ್ಕು ತಾಸಿಗೆ ಬಾಡಿಗೆ ಹಿಡಿಯುತ್ತಾರೆ. ನಾಲ್ಕು ತಾಸಿಗೆ ವಾಪಸು ಬಂದರೆ ನೀರು ಇಳಿದಿರುತ್ತದೆ. ಆಗ ಮತ್ತೆ ಎತ್ತಬೇಕು."

"ಮುಂದಿನ ಉಬ್ಬರ?"

"ಸಂಜೆ ಏಳರ ಮೇಲೆ ಐದು ನಿಮಿಷ."

"ಅಲ್ಲೀ ತನಕ ಹಿಡೀತೇನಿ. ಇಡೀ ದಿನ," ಎಂದಳು ಅಕ್ಕ. ನಾನು ಬಾಯಿ ತೆರೆಯುವಷ್ಟರಲ್ಲಿ, "ಸುಮ್ನಿರು, ಮೂವತ್ತು ವರ್ಷ ದುಡದೇನಿ," ಎಂದುಬಿಟ್ಟಳು.

ಮೂರನೆಯ ದಿನ ಸೂರ್ಯ ಏಳುವ ಮೊದಲೇ ಧಕ್ಕೆಯಲ್ಲಿದ್ದೆವು. ತಂಪು ಗಾಳಿ, ಡೀಸೆಲ್ ಮತ್ತು ಒಣಮೀನಿನ ವಾಸನೆ. ನೀರು ಪಾಚಿಯ ಪಟ್ಟಿಯನ್ನು ನುಂಗಿ ನಿಂತಿತ್ತು. ದೋಣಿಯ ಹಿಂಭಾಗವನ್ನು ಧಕ್ಕೆಗೆ ಆನಿಸಿ ಅಗಲವಾದ ಹಲಗೆ ಹಾಕಿದ್ದರು. ನಾನು ಮಟ್ಟ ನೋಡಿದೆ. ಅರ್ಧ ಇಂಚಿನ ಹೆಚ್ಚುಕಡಿಮೆಯೂ ಇಲ್ಲ. ಅಭ್ಯಾಸಬಲದಿಂದ ಕುರ್ಚಿಯ ಹಿಡಿ ಹಿಡಿಯಲು ಹೋದೆ.

"ಕೈ ಬಿಡೋ," ಎಂದಳು.

ಬಿಟ್ಟೆ. ಅಕ್ಕ ಎರಡೂ ಗಾಲಿಗಳನ್ನು ತಾನೇ ತಳ್ಳಿಕೊಂಡು, ಹಲಗೆ ದಾಟಿ, ದೋಣಿಯ ನಡುವಿಗೆ ಹೋಗಿ ನಿಂತಳು. ರಜಿಯಾ ಟೀಚರ್ ದಂಡೆಯಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಅರೆ, ಅಳಾಕ ಏನಾತು? ಬಾ ಬೇ, ಬಿಟ್ಟು ಹೋಗ್ತೇವಿ!" ಎಂದು ಅಕ್ಕ ಒಳಗಿಂದ ಕೂಗಿದಳು.

ಎಲ್ಲರಿಗೂ ಜೀವರಕ್ಷಕ ಅಂಗಿ ತೊಡಿಸಿ, ಕುರ್ಚಿಯನ್ನು ನಾಲ್ಕೂ ಕಡೆ ಹಗ್ಗದಿಂದ ಬಿಗಿದರು. ಹಡಗುಗಳ ಸಾಲು ದಾಟುವವರೆಗೆ ಎಂಜಿನ್ ಓಡಿತು. ಆಮೇಲೆ ಹಾಯಿ ಏರಿತು, ಎಂಜಿನ್ ನಿಂತಿತು. ನಾನು ದಿನವೆಲ್ಲ ಮೋಟಾರಿನ ಸದ್ದಿನಲ್ಲಿ ಬದುಕುವವನು. ಅಷ್ಟು ದೊಡ್ಡ ವಸ್ತು ಸದ್ದಿಲ್ಲದೆ ಓಡುವುದು ಕಂಡು ಮೈ ಜುಮ್ಮೆಂದಿತು. ರಜಿಯಾ ಟೀಚರ್ ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಕಟ್ಟಿದ ಬಲೆಯ ಮೇಲೆ ಮಲಗಿ, ಕೆಳಗೆ ಹರಿಯುವ ನೀರನ್ನು ನೋಡಿ ಹುಡುಗಿಯಂತೆ ಕಿರುಚುತ್ತಿದ್ದರು. ಊಟಕ್ಕೆ ನಮ್ಮ ಬುತ್ತಿಯನ್ನೇ ಬಿಚ್ಚಿದೆವು. ಕ್ಯಾಪ್ಟನ್ ಹಿಂಡಿಯ ಖಾರಕ್ಕೆ ಎರಡು ಲೋಟ ನೀರು ಕುಡಿದು, ಮತ್ತೊಂದು ರೊಟ್ಟಿ ಕೇಳಿದರು.

ಮಧ್ಯಾಹ್ನ ವಾಯವ್ಯದಿಂದ ಗಾಳಿ ಜೋರಾಯಿತು. ಕ್ಯಾಪ್ಟನ್ ಅಕ್ಕನ ಹಗ್ಗ ಬಿಚ್ಚಿ, ಕುರ್ಚಿಯನ್ನು ಚುಕ್ಕಾಣಿಯ ಎದುರಿಗೆ ತಂದು ಮತ್ತೆ ಬಿಗಿದು, "ಹಿಡಿಯಿರಿ," ಎಂದರು. ಮೊದಲ ತಿರುವು ಹೆಚ್ಚಾಗಿ ಹಾಯಿ ಪಟಪಟ ಬಡಿದುಕೊಂಡಿತು. ಕ್ಯಾಪ್ಟನ್ ಬೆರಳಿಂದ ದಿಕ್ಕು ತೋರಿಸಿದರು, ಅವಳು ತಿದ್ದಿಕೊಂಡಳು. ಹಾಯಿ ಮತ್ತೆ ತುಂಬಿತು, ದೋಣಿ ಮುನ್ನುಗ್ಗಿತು. ಮೂವತ್ತು ವರ್ಷ ಕುರ್ಚಿಯ ಗಾಲಿ ತಳ್ಳಿದ ತೋಳುಗಳು. ಎರಡು ತಾಸು ಯಾರಿಗೂ ಚುಕ್ಕಾಣಿ ಬಿಟ್ಟುಕೊಡಲಿಲ್ಲ. ದಂಡೆ ಎಲ್ಲೂ ಕಾಣುತ್ತಿರಲಿಲ್ಲ.

"ಹೆಂಗದ ಅಕ್ಕಾ?" ಕೇಳಿದೆ.

"ಮಾತಾಡಸಬ್ಯಾಡ. ಕೆಲಸದಾಗ ಇದ್ದೇನಿ," ಎಂದಳು.

ಸಂಜೆ ಧಕ್ಕೆಗೆ ಬಂದಾಗ ದೀಪಗಳು ಹೊತ್ತುತ್ತಿದ್ದವು, ನೀರು ಮತ್ತೆ ತುಂಬಿತ್ತು. ಇಳಿಯುವ ಮೊದಲು ಕ್ಯಾಪ್ಟನ್ ದಿನಚರಿ ಪುಸ್ತಕ ತೆಗೆದು, ಯಾರು ಎಷ್ಟು ಹೊತ್ತು ದೋಣಿ ನಡೆಸಿದರೆಂದು ಬರೆಯತೊಡಗಿದರು. ತಮ್ಮ ಹೆಸರಿನ ಕೆಳಗೆ ಮರಾಠಿಯಲ್ಲಿ ಅಕ್ಕನ ಹೆಸರು ಬರೆದು, ಊರು ಕೇಳಿ ಅದನ್ನೂ ಬರೆದರು. ಅಕ್ಕ ಬಗ್ಗಿ ನೋಡಿದಳು.

"ತಪ್ಪು ಬರದೀರಿ. ಪೆನ್ ಕೊಡ್ರಿಲ್ಲೆ."

ಅವರು ಬರೆದ ಊರ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ದುಂಡಗೆ, ಕನ್ನಡದಲ್ಲೇ 'ಜೇವರ್ಗಿ' ಎಂದು ಬರೆದಳು. ಕ್ಯಾಪ್ಟನ್ ಆ ಅಕ್ಷರಗಳನ್ನು ಒಂದು ಗಳಿಗೆ ನೋಡಿ, ಹಣೆಗೆ ಕೈಯಿಟ್ಟು ಸೆಲ್ಯೂಟ್ ಹೊಡೆದರು. ಅಕ್ಕ ತಲೆಯಾಡಿಸಿ, ಗಾಲಿ ತಿರುಗಿಸಿ ಹಲಗೆ ದಾಟಿದಳು. ಧಕ್ಕೆಯ ಮೇಲೆ ಒಮ್ಮೆ ನಿಂತು, ತಾನು ನಡೆಸಿದ ದೋಣಿಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು.