ಹಪ್ಪಳದ ಪಕ್ಕ ಒಣಗಿದ ಪ್ಲೇಟುಗಳು

ಸಂಜೆ ಐದು ಗಂಟೆ. ಕೂಸಿನ ಜೊತೆ ನನಗೂ ಕಣ್ಣು ಹತ್ತಿತ್ತು. ಮಾಳಿಗೆಯ ಮೇಲೆ ಅತ್ತೆ ಒಣಗಿದ ಹಪ್ಪಳ ಎತ್ತುವ ಪಟಪಟ ಸದ್ದಿಗೆ ಎಚ್ಚರವಾಯಿತು.

ಕೂಡ್ಲಿಗಿಯ ತವರಿನಲ್ಲೂ ಹೀಗೇ ಹಪ್ಪಳ ಒಣಗುತ್ತಿದ್ದವು. ಅಜ್ಜ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ. ಗ್ರಾಮಫೋನ್ ಮಷಿನ್ನಿಗೆ ಹಾಕುವ ಹಾಡಿನ ಕಪ್ಪು ಪ್ಲೇಟುಗಳನ್ನು ಅಂಚಿನಲ್ಲೇ ಹಿಡಿದು, ಪಂಚೆಯ ತುದಿಯಿಂದ ಒರೆಸುತ್ತಿದ್ದ. ನಾನು ಚಿಕ್ಕವಳಿದ್ದಾಗ ಒಮ್ಮೆ ಅವನಿಗೆ ನೆರವಾಗಲೆಂದು ನಾಲ್ಕು ಪ್ಲೇಟು ತೊಳೆದು ಹಪ್ಪಳದ ಪಕ್ಕ ಬಿಸಿಲಿಗೆ ಹರವಿದೆ. ಮಧ್ಯಾಹ್ನಕ್ಕೆ ನಾಲ್ಕೂ ಬಟ್ಟಲಿನಂತೆ ಸೊಟ್ಟಗಾಗಿದ್ದವು.

“ಎಣ್ಣಿ ಇಡ್ಲೇನ್ರಿ, ಇವನ್ನೂ ಕರಿಯಾಕ?” ಎಂದು ಅಜ್ಜಿ ಅವನನ್ನು ಕೆಣಕಿದಳು.

ಅಜ್ಜ ಬೈಯಲಿಲ್ಲ. ಒಂದನ್ನು ಹಾಕಿ, ಎಳೆದೆಳೆದು ಬರುವ ದನಿ ಕೇಳಿ, “ಇರ್ಲಿ ಬಿಡವ್ವ, ಹಾಡು ಉಚ್ಚಂಗಿದುರ್ಗದ ಮೆಟ್ಲ ಹತ್ತಾಕತ್ತೈತಿ” ಎಂದು ನನ್ನತ್ತ ನೋಡಿ ನಕ್ಕ. ಆದರೆ ಪ್ಲೇಟು ಇಡುವ ಪೆಟ್ಟಿಗೆಯನ್ನು ಮತ್ತೆ ನನ್ನೆದುರು ತೆರೆಯಲಿಲ್ಲ.

ಈಗ ಅಜ್ಜನ ಆ ಮಷಿನ್ನು, ಉಳಿದ ಪ್ಲೇಟು ನೀನೇ ಇಟ್ಟುಕೋ ಎನ್ನುತ್ತಾನೆ ಚಿಕ್ಕಪ್ಪ. “ನಾಳಿ ಮುಂಜಾನಿ ಮೊದಲ್ನೇ ಬಸ್ಸಿಗೆ ಹಡಗಲಿಗೆ ನಿಮ್ಮ ಮನಿಗೆ ಬರಾಕತ್ತೀನಿ. ತರ್ಲೋ, ಬ್ಯಾಡೋ?”

ಕೇಳುವ ಆಸೆಯೇನೋ ಇದೆ. ಆದರೆ ಚಮಚ ಬಿದ್ದರೂ ಬೆಚ್ಚುವ ಕೂಸು. ಮುಂದೆ ಅವಳೂ ಪ್ಲೇಟು ಕೆಡಿಸಿದರೆ ನಾನು ನಗುತ್ತೇನೋ, ಪೆಟ್ಟಿಗೆ ಮುಚ್ಚಿಡುತ್ತೇನೋ, ತಿಳಿಯದು. ರಾತ್ರಿ ಹೇಗೂ ನನಗೆ ನಿದ್ದೆಯಿಲ್ಲ. ಇದನ್ನು ಓದುವವರಲ್ಲಿ ಮಕ್ಕಳಿರುವ ಮನೆಯಲ್ಲಿ ಪ್ಲೇಟು ಹಾಕುವವರು ಯಾರಾದರೂ ಇದ್ದರೆ, ತರಿಸಲೋ ಬೇಡವೋ ಎಂದು ಹೇಳಲು ಬೆಳಗಾಗುವುದರೊಳಗೆ ಒಂದು ಫೋನ್ ಮಾಡ್ರಿ, ಕೈ ಮುಗಿಯುತ್ತೇನೆ.